ಮ್ಯಾಲ ಏನೂ ಇಲ್ಲ

ಇವತ್ತು ಮುಂಜಾನೆ ರೊಟ್ಟಿ ಬಡಿಯಲು ಕುಳಿತಿದ್ದೆ. ಹಂಚು ಕಾದಿತ್ತು, ಮೊದಲ ರೊಟ್ಟಿ ಇನ್ನೂ ಪರಾತದಲ್ಲೇ ಇತ್ತು. ಆಗ ಮಾಳಿಗೆಯಿಂದ ಒಂದು ಹನಿ ಬಿದ್ದು ಹಂಚಿನ ಮೇಲೆ ಚುಂಯ್ ಅಂದಿತು. ಹೊರಗೆ ಮಿರಗದ ಮಳೆ, ವರ್ಷದ ಮೊದಲನೆಯದು. ತಲೆ ಎತ್ತಿ ನೋಡಿದೆ. ಎರಡನೆಯ ಹನಿ ಸರಿಯಾಗಿ ನನ್ನ ಕನ್ನಡಕದ ಮೇಲೆ ಬಿತ್ತು. ಈ ಮನೆಗೆ ಬಂದಾಗ ನನ್ನ ತಲೆ ಕಪ್ಪಗಿತ್ತು, ಈಗ ಒಂದು ಕರಿ ಕೂದಲು ಹುಡುಕಿದರೂ ಸಿಗುವುದಿಲ್ಲ, ಆದರೆ ಮಾಳಿಗೆ ಸೋರಿದ್ದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ಬೇರೆಯವರಾಗಿದ್ದರೆ ಮರುಗುತ್ತಿದ್ದರು. ನನಗೆ ನಗು ಬಂತು. ನಮ್ಮ ಅತ್ತೆ ಗೆದ್ದಿದ್ದಳು. ಸತ್ತು ಎಷ್ಟೋ ವರ್ಷವಾದ ಮೇಲೂ ಗೆಲ್ಲುವ ಹೆಂಗಸು ಆಕೆ.

ನಮ್ಮ ಮನೆ ಶಹಾಬಾದಿನದು, ಅಂದರೆ ಕೆಳಗೂ ಕಲ್ಲು, ಮೇಲೂ ಕಲ್ಲು. ಮಾಳಿಗೆ ಕಟ್ಟುವ ರೀತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಈ ಗೋಡೆಯಿಂದ ಆ ಗೋಡೆಗೆ ಕಬ್ಬಿಣದ ಗರ್ಡರುಗಳನ್ನು ಸಾಲಾಗಿ ಇಡುತ್ತಾರೆ. ಒಂದರಿಂದ ಇನ್ನೊಂದಕ್ಕೆ ಫರಸಿ ಕಲ್ಲಿನ ಚಪ್ಪಡಿ ಹೊದಿಸಿ, ಸಂದಿಗೆ ಸುಣ್ಣದ ಗಾರೆ ತುಂಬುತ್ತಾರೆ. ಮುಗಿಯಿತು, ಮಾಳಿಗೆ ಆಯಿತು. ನಮ್ಮ ಯಜಮಾನರು ಕಲ್ಲು ಪಾಲಿಶ್ ಮಾಡುವಲ್ಲಿ ದುಡಿಯುತ್ತಿದ್ದರು, ಹಾಗಾಗಿ ಕಲ್ಲಿಗೆ ಬರವಿರಲಿಲ್ಲ. ಗರ್ಡರುಗಳು ವಾಡಿಯ ಮೋಡಕಾ ಅಂಗಡಿಯಿಂದ, ಅಂದರೆ ಹಳೆ ಕಬ್ಬಿಣ ಮಾರುವಲ್ಲಿಂದ, ಎತ್ತಿನ ಗಾಡಿಯಲ್ಲಿ ಬಂದವು. ಗಾಡಿಗಿಂತ ಅವೇ ಉದ್ದ. ಹಿಂದಿನವರಿಗೆ ಚುಚ್ಚೀತೆಂದು ತುದಿಗೆ ಕೆಂಪು ಅರಿವೆ ಕಟ್ಟಿದ್ದರು. ಆ ಅರಿವೆ ನನ್ನ ಕುಪ್ಪಸದ್ದು. ಕೇಳದೇ ಹರಿದಿದ್ದರು, ಅದು ಬೇರೆ ಮಾತು.

ಗರ್ಡರು ಕೂಡಿಸಿದವರು ಖಾಸೀಂ ಮಿಸ್ತ್ರಿ. ಚಹಾ ಕೊಡಲು ಹೋದಾಗ ನಾನು ಕೇಳಿದೆ, "ಇಷ್ಟು ಕಲ್ಲು ಹೇರ್ತೀರಿ, ಕಬ್ಬಿಣ ತಡಕೋತದೇನ್ರಿ?"

"ತಡಕೋತದಮ್ಮಾ. ಖರೆ ಗರ್ಡರ್ ಅಂದ್ರ ಮನುಷ್ಯಾ ಇದ್ದಂಗ. ಭಾರ ಹೊತ್ತಂಗ ಹೊತ್ತಂಗ ಹೊಟ್ಟಿ ಬಿಡ್ತದ."

"ಹಂಗಾರ ನೀವೂ ಭಾಳ ಭಾರ ಹೊತ್ತೀರಿ ಕಾಣ್ತದ ಮಿಸ್ತ್ರಿ."

ಅವರು ತಮ್ಮ ಹೊಟ್ಟೆ ಸವರಿಕೊಂಡು ಚಹಾ ಚೆಲ್ಲುವಷ್ಟು ನಕ್ಕರು. ಅಂದಿನಿಂದ ನಮ್ಮ ಮನೆಯಲ್ಲಿ ಗರ್ಡರು ನಡುವೆ ಜೋತರೆ ಅದಕ್ಕೆ ಹೊಟ್ಟೆ ಬಿಡುವುದು ಅಂತಲೇ ಹೆಸರು. ನಡುವಿನ ಗರ್ಡರಿಗೆ ಯಜಮಾನರು ಒಂದು ಕೊಂಡಿ ಹಾಕಿಸಿದರು, ತೊಟ್ಟಿಲಿಗೆ. ನನ್ನ ಮಕ್ಕಳೆಲ್ಲ ಅಲ್ಲಿ ತೂಗಿದವರೇ.

ಈಗ ಅತ್ತೆಯ ವಿಷಯ. ಆಕೆ ಚಿಂಚೋಳಿ ಕಡೆಯ ಚಿಮ್ಮನಚೋಡದವಳು. ಅಲ್ಲಿ ಆಕೆ ಬಾಳಿದ್ದು ಮಣ್ಣಿನ ಮಾಳಿಗೆಯ ಕೆಳಗೆ. ಮಣ್ಣಿನ ಮಾಳಿಗೆಗೆ ಪ್ರತಿ ವರ್ಷ ಮಿರಗಕ್ಕೆ ಮುಂಚೆ ಬಿಳಿಯ ಸವಳು ಮಣ್ಣು ಹಾಕಿ ತುಳಿಯಬೇಕು. ಆ ಮಣ್ಣು ನೀರು ಕುಡಿದು ಬಿಗಿದುಕೊಂಡು ಹನಿಯನ್ನೂ ಕೆಳಗೆ ಬಿಡುವುದಿಲ್ಲ. ಗಂಡ ಸತ್ತ ಮೇಲೆ ಮಗನ ಹತ್ತಿರ ಶಹಾಬಾದಿಗೆ ಬಂದಳಲ್ಲ, ಕಲ್ಲಿನ ಮಾಳಿಗೆಯನ್ನು ಒಮ್ಮೆ ಕೆಳಗಿನಿಂದ, ಒಮ್ಮೆ ಮೇಲಿನಿಂದ ನೋಡಿ, "ಇದಕ್ಕ ಮಣ್ಣ ಯಾವಾಗ ಹಾಕ್ತೀರಿ?" ಅಂದಳು.

"ಹಾಕಂಗಿಲ್ಲವ್ವಾ. ಕಲ್ಲದ ಅಲ್ಲ," ಅಂದರು ಯಜಮಾನರು.

"ಕಲ್ಲಿಗೆ ಸಂದಿ ಇರ್ತಾವ. ಮಣ್ಣಿಗೆ ಎಲ್ಲಿ ಸಂದಿ?"

ವಾದ ಅಷ್ಟಕ್ಕೇ ನಿಂತಿತು. ಆ ಬೇಸಿಗೆಯಿಂದಲೇ ಮಣ್ಣಿನ ಬುಟ್ಟಿ ಮಾಳಿಗೆ ಹತ್ತತೊಡಗಿತು. ಶಹಾಬಾದಿನ ಮಣ್ಣಿನ ಮೇಲೂ ಆಕೆಗೆ ನಂಬಿಕೆಯಿರಲಿಲ್ಲ. ಊರಿಗೆ ಹೋದಾಗಲೆಲ್ಲ ಬರುವಾಗ ಚೀಲದಲ್ಲಿ ಚಿಮ್ಮನಚೋಡದ ಮಣ್ಣು ತುಂಬಿಕೊಂಡು ಬಸ್ಸು ಹತ್ತುತ್ತಿದ್ದಳು. ಒಮ್ಮೆ ನಾನೂ ಜೊತೆಗಿದ್ದೆ. ಕಂಡಕ್ಟರು ಚೀಲ ಒದ್ದು ನೋಡಿ ಕೇಳಿದ, "ಏನದ ಮುದುಕಿ ಇದರಾಗ?"

"ಮಣ್ಣಪ್ಪಾ."

"ಮಣ್ಣು? ಶಹಾಬಾದ್ದಾಗ ಮಣ್ಣಿಲ್ಲೇನು?"

"ಎಲ್ಲಿ ಅದನಪ್ಪಾ? ಅಲ್ಲಿ ಎಲ್ಲಿ ಅಗದ್ರೂ ಬರೇ ಕಲ್ಲೇ ಹತ್ತತದ. ನಿನ್ನ ಎದಿ ಅಗದಂಗ."

ಬಸ್ಸು ಪೂರಾ ನಕ್ಕಿತು. ಕಂಡಕ್ಟರು ಸಾಮಾನಿನ ಟಿಕೀಟಿನ ಮಾತೆತ್ತದೇ ಮುಂದೆ ಹೋದ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕಿಡಕಿಯ ಕಡೆ ತಿರುಗಿ ಕುಳಿತೆ. ಈಗ ಅನ್ನಿಸುತ್ತದೆ, ಮುಖ ಮುಚ್ಚಿಕೊಳ್ಳುವಂಥದ್ದು ಅದರಲ್ಲಿ ಏನಿತ್ತು?

ಓಣಿಯವರು ಆಡಿಕೊಂಡರು. ಕಲ್ಲಿನ ಮಾಳಿಗೆಗೆ ಮಣ್ಣು ಹಾಕುವುದೆಂದರೆ ಛತ್ರಿಯ ಮೇಲೆ ಕಂಬಳಿ ಹೊದಿಸಿದಂತೆ ಅಂದರು. ಅತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ. ಗರ್ಡರಿನ ಮೇಲೂ ಆಕೆಗೆ ಒಳಗೊಳಗೆ ಸಂಶಯ. ತೊಲೆಯ ಕೆಳಗೆ ಮಲಗಿದರೆ ಎದೆಯ ಮೇಲೆ ಭಾರ ಬೀಳುತ್ತದೆ ಎಂದು ತನ್ನ ಹಾಸಿಗೆಯನ್ನು ಗೋಡೆಗೆ ಎಳೆದುಕೊಳ್ಳುತ್ತಿದ್ದಳು. ಮತ್ತೆ ತೊಟ್ಟಿಲನ್ನು ಅದೇ ಗರ್ಡರಿಗೆ ಕಟ್ಟುತ್ತೀಯಲ್ಲ ಎಂದು ನಾನು ಕೇಳಿದ್ದಕ್ಕೆ, "ಕೂಸಿನ ಎದಿ ಮ್ಯಾಲ ಇನ್ನಾ ಯಾವ ಭಾರನೂ ಬಿದ್ದಿಲ್ಲಲ್ಲ, ಅದಕ್ಕ ತೊಲಿ ಏನ್ ಮಾಡ್ತದ?" ಅಂದಳು. ಇದು ಯಾವ ಪುಸ್ತಕದಲ್ಲಿದೆಯೋ ನನಗೇನು ಗೊತ್ತು? ಮೂರನೆಯ ತರಗತಿಗೆ ಸಾಲೆ ಬಿಟ್ಟವಳು.

ಆಕೆ ಹೋದ ಮೇಲೆ ಬುಟ್ಟಿ ನನ್ನ ತಲೆಗೆ ಬಂತು. ಪ್ರೀತಿಯಿಂದ ಹೊತ್ತೆ ಎಂದು ತಿಳಿಯಬೇಡಿ. ಮಣ್ಣು ಹಾಕದಿದ್ದರೆ ಮಳೆಗಾಲ ಬಂದಂತೆಯೇ ಅನ್ನಿಸುತ್ತಿರಲಿಲ್ಲ, ಅದಕ್ಕೆ. ಹಳೆಯದನ್ನು ಯಾರೂ ತೆಗೆಯಲಿಲ್ಲ, ಹೊಸದನ್ನು ಹಾಕುತ್ತಲೇ ಬಂದೆವು. ಮೊಣಕಾಲು ಒಲ್ಲೆ ಅಂದಾಗ ಬಿಟ್ಟೆ.

ಇಷ್ಟು ನಿಮಗೆ ಗೊತ್ತಿರಲಿ. ಯಾಕೆಂದರೆ ಮುಂದೆ ನಾನೇ ಇದನ್ನೆಲ್ಲ ಮರೆತು ಮಾತಾಡುತ್ತೇನೆ, ಆಗ ನೀವು ನಗಬಹುದು.

ಈ ಬೇಸಿಗೆಯಲ್ಲಿ ನನ್ನ ಮೊಮ್ಮಗಳು ಭಾಗ್ಯಾ ಬಾಣಂತನಕ್ಕೆ ಬಂದಳು. ನನ್ನ ಮಗ ಶರಣುವಿನ ಮಗಳು. ಅವಳು ಚಿತ್ತಾಪುರದಲ್ಲಿ ಸರಕಾರಿ ಇಂಜಿನಿಯರು. ಸಾಲೆಯ ಕಟ್ಟಡ, ಹಳ್ಳದ ಮೇಲಿನ ಸೇತುವೆ, ಇಂಥವನ್ನು ನೋಡುವ ಕೆಲಸ. ಅವಳೂ ಅದೇ ಕೊಂಡಿಯಲ್ಲಿ ತೂಗಿದವಳು. ಹೆಣ್ಣು ಹಡೆದಳು. ನಾನು ಅವಳ ಕಿವಿಗೆ ಅರಳೆ ಇಟ್ಟು, ತಲೆಗೆ ಬಟ್ಟೆ ಕಟ್ಟಿ, ಲೋಬಾನದ ಹೊಗೆ ಹಾಕಿ ಹೊರಸಿನ ಮೇಲೆ ಮಲಗಿಸಿದೆ. ಊರ ಸೇತುವೆಗಳನ್ನು ನೋಡುವವಳಿಗೆ ನೋಡಲು ನಮ್ಮ ಮಾಳಿಗೆ ಬಿಟ್ಟು ಬೇರೇನೂ ಉಳಿಯಲಿಲ್ಲ.

"ಆಯಿ," ಅಂದಳು. ನಮ್ಮ ಕಡೆ ಅಜ್ಜಿಗೆ ಹಾಗೇ ಕರೆಯುವುದು. "ಆಯಿ, ಆ ನಡುವಿನ ಗರ್ಡರ್ ಬಗ್ಗ್ಯಾದ."

"ನಾನೂ ಬಗ್ಗೀನಿ. ಮಲಕೋ."

"ನಗಚಾಟ್ಗಿ ಅಲ್ಲ. ಹೊಟ್ಟಿ ಬಿಟ್ಟದ ನೋಡು."

"ನಿನ್ನ ಹೊಟ್ಟಿಗಿ ಮೊದಲ ಪಟ್ಟಿ ಕಟ್ಟತೀನಿ, ಆಮ್ಯಾಲ ಅದರದು ನೋಡೋಣು."

ಹೊಟ್ಟೆ ಕಟ್ಟಿಸಿಕೊಂಡಳು, ಆದರೆ ಕಣ್ಣು ಮೇಲಿನಿಂದ ಇಳಿಯಲಿಲ್ಲ. ಅಪ್ಪನಿಗೆ ಹೇಳಿ ಗರ್ಡರಿನ ಕೆಳಗೆ ಈ ತುದಿಯಿಂದ ಆ ತುದಿಗೆ ದಾರ ಬಿಗಿಸಿದಳು. ಎರಡೂ ತುದಿಯಲ್ಲಿ ದಾರಕ್ಕೂ ಕಬ್ಬಿಣಕ್ಕೂ ನಡುವೆ ಎರಡು ಬೆರಳು ಹೋಗುತ್ತಿದ್ದವು. ನಡುವಿನಲ್ಲಿ ಒಂದೇ ಬೆರಳು. ಅಂದರೆ ಗರ್ಡರು ಒಂದು ಬೆರಳು ಜೋತಿತ್ತು.

ಆಮೇಲೆ ಲೆಕ್ಕ. ಮೊಬೈಲಿನಲ್ಲಿ ಒತ್ತುತ್ತ ನನಗೂ ಹೇಳಿದಳು. ಗೋಡೆಯಿಂದ ಗೋಡೆಗೆ ಎಷ್ಟು ದೂರ, ಮೇಲೆ ಎಷ್ಟು ಭಾರ, ಕಬ್ಬಿಣ ಎಷ್ಟು ಬಿರುಸು, ಗರ್ಡರು ಎಷ್ಟು ಎತ್ತರ ನಿಂತಿದೆ, ಇಷ್ಟು ಗೊತ್ತಾದರೆ ಎಷ್ಟು ಬಗ್ಗುತ್ತದೆ ಎಂದು ನೋಡದೆಯೇ ಹೇಳಬಹುದಂತೆ. ಉದ್ದ ಎರಡು ಪಟ್ಟಾದರೆ ಬಗ್ಗುವುದು ಎರಡು ಪಟ್ಟಲ್ಲ, ಹದಿನಾರು ಪಟ್ಟು ಅಂದಳು. "ಬಾಣಂತಿ ಬಾಯಿಗಿ ಬಂದಂಗ ಮಾತಾಡಬಾರದು," ಅಂದೆ. ಅವಳು ಮುರಿದ ಮೊರದ ಬಿದಿರು ಸೀಳು ತರಿಸಿ ಎರಡು ಡಬ್ಬಿಗಳ ಮೇಲೆ ಇಟ್ಟು, ಉದ್ದಕ್ಕೂ ಸಣ್ಣ ಉಳ್ಳಾಗಡ್ಡಿ ಸಾಲು ಕಟ್ಟಿದಳು. ಡಬ್ಬಿ ಹತ್ತಿರವಿದ್ದಾಗ ಸೀಳು ಅಲುಗಲಿಲ್ಲ. ದೂರ ಸರಿಸಿ ಮತ್ತೆ ಸಾಲು ತುಂಬಿಸಿದಾಗ ಸೊಂಟ ಮುರಿದವರಂತೆ ಕುಸಿದು, ಉಳ್ಳಾಗಡ್ಡಿಗಳು ಕೂಸಿನ ಹಾಸಿಗೆಯ ಮೇಲೆಲ್ಲ ಉರುಳಿದವು. ಹದಿನಾರೋ ಅಲ್ಲವೋ ನನಗೆ ತಿಳಿಯದು, ಎರಡಂತೂ ಅಲ್ಲ.

"ಈಗ ಭಾರ ಹೇಳು ಆಯಿ. ಮ್ಯಾಲ ಏನದ?"

"ಏನಿಲ್ಲ."

"ಕಲ್ಲು ಬಿಟ್ಟು?"

"ಕಲ್ಲು ಬಿಟ್ಟು ಏನಿರತದವ್ವಾ ಮಾಳಿಗಿ ಮ್ಯಾಲ? ಆಕಾಶ ಅದ."

ನಗುತ್ತೀರಲ್ಲವೇ? ನಗಿರಿ. ಆದರೆ ನಾನು ಸುಳ್ಳು ಹೇಳಲಿಲ್ಲ. ನೀರಿನ ಟಾಕಿ ಇಲ್ಲ, ಕಟ್ಟಿಗೆ ಇಲ್ಲ, ಒಣಹಾಕಿದ ತೊಗರಿಯನ್ನೂ ಇಳಿಸಿಯಾಗಿತ್ತು. ಮಣ್ಣು ನನಗೆ ಮಾಳಿಗೆಯ ಮೇಲಿನ ವಸ್ತುವಲ್ಲ, ಅದೇ ಮಾಳಿಗೆ. ನಿಮ್ಮ ತಲೆಯ ಮೇಲೆ ಏನಿದೆ ಎಂದು ಕೇಳಿದರೆ ಕೂದಲು ಅನ್ನುತ್ತೀರೇನು?

ಶರಣುವನ್ನು ಕೇಳಿದಳು. ಅವನೂ ಏನಿಲ್ಲ ಅಂದ. ಹುಟ್ಟಿದಾಗಿನಿಂದ ಮಣ್ಣು ಕಂಡವನು ಅವನು.

ಲೆಕ್ಕ ಬಂತು. ಬರೀ ಕಲ್ಲಿನ ಭಾರಕ್ಕೆ ಗರ್ಡರು ಒಂದು ಜೋಳದ ಕಾಳಿನಷ್ಟು ಬಗ್ಗಬೇಕಂತೆ. ಬಗ್ಗಿದ್ದು ಒಂದು ಬೆರಳು. ಭಾಗ್ಯಾ ಮತ್ತೆ ಮಾಡಿದಳು, ಮತ್ತೆ ಕಾಳೇ ಬಂತು. ಅವಳ ಮುಖ ಸಣ್ಣದಾಯಿತು.

"ಲೆಕ್ಕ ಕಾಳು ಅನ್ನಲಿಕತ್ತದ, ಗರ್ಡರ್ ಬೆರಳು ಅನ್ನಲಿಕತ್ತದ. ಕಬ್ಬಿಣ ಜೀವಂತ ಇದ್ರ ಇಷ್ಟು ಬಗ್ಗಬಾರದು ಆಯಿ. ಸತ್ತದ ಕಾಣ್ತದ."

ಕಬ್ಬಿಣಕ್ಕೆ ಜೀವ ಇರುವುದೆಂದರೆ ಭಾರ ಇಳಿಸಿದಾಗ ತಿರುಗಿ ಮೇಲೇಳುವುದು ಎಂದು ಅವಳೇ ತಿಳಿಸಿದಳು. ಒಂದು ಮಿತಿ ದಾಟಿ ಬಗ್ಗಿದರೆ ಮತ್ತೆ ಏಳುವುದಿಲ್ಲ. ಅಂಥದರ ಕೆಳಗೆ ಯಾರೂ ಇರಬಾರದು. ಶರಣು, "ಸತ್ತಿದ್ರ ಆತು ಬಿಡು. ಈ ಖೋಲಿ ಪೂರಾ ಬಿಚ್ಚಿ ಸ್ಲ್ಯಾಬ್ ಹಾಕಸ್ತೀನಿ. ತೊಟ್ಟಿಲು ಸ್ಟೀಲಿಂದು ರೆಡಿಮೇಡ್ ಸಿಗತದ," ಅಂದ. ಸೇಡಂ ಬೀಗರು ಕೂಸನ್ನು ತೊಟ್ಟಿಲಿಗೆ ಹಾಕಲು ಬರುವ ದಿನ ಗೊತ್ತಾಗಿತ್ತು. ಸ್ಟೀಲಿನ ತೊಟ್ಟಿಲು ನೋಡಿದ್ದೇನೆ, ದವಾಖಾನೆಯ ಸಾಮಾನಿನ ಹಾಗಿರುತ್ತದೆ.

ಆದರೆ ನನ್ನ ಚಿಂತೆ ತೊಟ್ಟಿಲಿನದಲ್ಲ. ಭಾಗ್ಯಾ ಹೊರಸನ್ನು ಗೋಡೆಗೆ ಎಳೆಸಿಕೊಂಡಳು, ಥೇಟ್ ನಮ್ಮ ಅತ್ತೆಯಂತೆ. ಕೂಸನ್ನು ಹಾಸಿಗೆಯಲ್ಲಿ ಬಿಡದೆ ತೊಡೆಯ ಮೇಲೆ ಇಟ್ಟುಕೊಂಡು, ಗೋಡೆಗೆ ಒರಗಿ ಮೇಲೆ ನೋಡುತ್ತ ಕೂಡತೊಡಗಿದಳು. ಮಲಗು ಅಂದರೆ ಹೂಂ ಅನ್ನುವಳು, ಮಲಗಳು. ಬಾಣಂತಿ ನಿದ್ದೆಗೆಟ್ಟರೆ ಹಾಲು ಬತ್ತುತ್ತದೆ. ಕೂಸು ಚೀಪಿ ಚೀಪಿ ಅಳಲಿಕ್ಕೆ ಶುರು ಮಾಡಿತ್ತು. ಗರ್ಡರು ಬೀಳುವುದೋ ಬಿಡುವುದೋ, ಅದರ ಭಾರ ಆಗಲೇ ಈ ಹುಡುಗಿಯ ಎದೆಯ ಮೇಲೆ ಬಿದ್ದಿತ್ತು. ಅತ್ತೆ ಹೇಳಿದ ಮಾತು ಆಗ ನನಗೆ ತಿಳಿಯಿತು.

ಮರುದಿನ ಶರಣು ಸ್ಲ್ಯಾಬಿಗೆ ಅಳತೆ ತೆಗೆದುಕೊಳ್ಳಲು ಮಾಳಿಗೆ ಹತ್ತಿದ. ನಾನು ಕೆಳಗಿನಿಂದ ಕೂಗಿದೆ, "ಹುಷಾರಿ ಶರಣೂ! ದಂಡಿಗಿ ಹೋಗಬ್ಯಾಡ. ಸುತ್ತಿನ ಗ್ವಾಡಿ ಮೊಣಕಾಲ ಮಟಾನೂ ಇಲ್ಲ. ನಾ ಬಂದಾಗ ನನ್ನ ಸೊಂಟದ ಮಟಾ ಇತ್ತು."

ಒಳಗಿನಿಂದ ಭಾಗ್ಯಾ, "ಆಯಿ, ಏನಂದಿ?"

"ನಿಮ್ಮಪ್ಪಗ ಅಂದೆ."

"ಗ್ವಾಡಿ ಸೊಂಟದ ಮಟಾ ಇತ್ತಾ? ಈಗ ಮೊಣಕಾಲ ಮಟಾ ಹೆಂಗಾತು?"

"ಹಳೇದಾಗ್ಯಾದ. ಕುಂತದ."

"ಗ್ವಾಡಿ ಕುಂದ್ರಂಗಿಲ್ಲ ಆಯಿ." ಅವಳ ದನಿ ಬೇರೆಯಾಗಿತ್ತು. "ನೆಲ ಎದ್ದದ. ಮ್ಯಾಲ ಏನ್ ಹಾಕೀರಿ?"

ನಾನು ಬಾಗಿಲಲ್ಲಿ ನಿಂತುಬಿಟ್ಟೆ. ಬುಟ್ಟಿಗಳು ಒಂದರ ಹಿಂದೆ ಒಂದು ನೆನಪಿಗೆ ಬಂದವು. ನಿಧಾನವಾಗಿ ಅಂದೆ, "ಮಣ್ಣು."

ಭಾಗ್ಯಾ ನಗತೊಡಗಿದಳು. ಹೊಲಿಗೆ ಇನ್ನೂ ಹಸಿ, ಹೊಟ್ಟೆ ಹಿಡಿದುಕೊಂಡು, "ಅಯ್ಯೋ, ನಗಸಬ್ಯಾಡ ಆಯಿ, ನೋಯ್ತದ," ಅನ್ನುತ್ತ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಅತ್ತಿ ಸ್ವಸಿ ಇಬ್ರೂ ಕೂಡಿ ಮಾಳಿಗಿ ಮ್ಯಾಲ ಒಂದು ಹೊಲ ಮಾಡೀರಿ! ಬಿತ್ತೋದು ಒಂದ ಉಳದದ." ಮೇಲಿನಿಂದ ಶರಣು ಏನಾಯಿತೆಂದು ಕೂಗಿದ. "ಅಪ್ಪಾ, ಅಳತಿ ಬ್ಯಾಡ. ಅಗಿ!" ಅಂದಳು.

ಹಾರೆ ಹಾಕಿದ. ಕಲ್ಲು ಹತ್ತುವಷ್ಟರಲ್ಲಿ ಅವನ ಕೈ ಮೊಣಕೈ ತನಕ ಒಳಗೆ ಹೋಗಿತ್ತು. ನಾನೂ ಮೊಣಕಾಲಿಗೆ ಬೈಯುತ್ತ ಹತ್ತಿದೆ. ತಗ್ಗಿನ ಮಗ್ಗುಲಲ್ಲಿ ಮಣ್ಣು ಪದರ ಪದರವಾಗಿತ್ತು. ಅತ್ತೆಯ ಚಿಮ್ಮನಚೋಡದ ಬಿಳಿ ಎಲ್ಲಕ್ಕಿಂತ ಕೆಳಗೆ, ನನ್ನ ಕಲಬೆರಕೆ ಮೇಲೆ. ಬುಟ್ಟಿ ಇಳಿಸುವಾಗ ನನ್ನ ಬಳೆ ಒಡೆಯುತ್ತಿದ್ದವು. ನನ್ನ ಮಣ್ಣಿನಲ್ಲಿ ಒಂದು ಪದರದ ತನಕ ಹಸಿರು ಬಳೆಯ ಚೂರುಗಳಿದ್ದವು, ಅದರ ಮೇಲೆ ಇರಲಿಲ್ಲ. ಯಾವುದು ಯಾವ ವರ್ಷದ ಮಣ್ಣೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಇಳಿದು ಬಂದೆ.

ಮಣ್ಣು ಸೇರಿಸಿ ಮಾಡಿದ ಲೆಕ್ಕ ಬೆರಳಿನ ಹತ್ತಿರ ಬಂತು. ಆದರೂ ಭಾಗ್ಯಾ ತೊಟ್ಟಿಲು ಕಟ್ಟಗೊಡಲಿಲ್ಲ. "ಲೆಕ್ಕ ಕೂಡ್ತು ಅಂದ್ರ ಕಬ್ಬಿಣ ಬದುಕ್ಯಾದ ಅಂತಲ್ಲ. ಏಳಲಿ, ನೋಡ್ತೀನಿ." ಕೊಂಡಿಗೆ ತೊಟ್ಟಿಲಿನ ಸರಪಳಿ ಹಾಕಿಸಿ, ಅದರ ತುದಿಗೆ ಒಂದು ಗುಂಡುಕಲ್ಲು ಕಟ್ಟಿಸಿದಳು. ಕಲ್ಲು ನೆಲಕ್ಕೆ ಮುಟ್ಟಿಯೂ ಮುಟ್ಟದಂತೆ ಇತ್ತು. ಮಣ್ಣು ಪೂರಾ ಇಳಿದ ಮೇಲೆ ಅದರ ಕೆಳಗೆ ಕಿರುಬೆರಳು ಹೋಗಬೇಕು ಅಂದಳು. ಹೋಗದಿದ್ದರೆ ಖೋಲಿ ಬಿಚ್ಚುವುದೇ.

ಕೂಲಿಯವರು ಬಂದರು. ಎಳೆದ ಮಣ್ಣನ್ನು ನಡುವೆ ಗುಂಪಿ ಹಾಕಬೇಡಿರೆಂದು ಭಾಗ್ಯಾ ಒಳಗಿನಿಂದಲೇ ಕೂಗುತ್ತಿದ್ದಳು, ಕಿವಿಯ ಅರಳೆ ಒಂದು ಕಡೆ, ತಲೆಬಟ್ಟೆ ಒಂದು ಕಡೆ. ದೂರದ ಮೂಲೆಯಿಂದ ಶುರು ಮಾಡಿದರು. ಬುಟ್ಟಿ ಬುಟ್ಟಿ ಇಳಿಯಿತು, ಅಂಗಳದ ನಿಂಬೆಗಿಡದ ಬುಡ ಮುಚ್ಚಿತು. ಗುಂಡು ಮಾತ್ರ ಕುಳಿತಲ್ಲೇ ಕುಳಿತಿತ್ತು. ಊಟದ ಹೊತ್ತಿಗೆ ಶರಣು ಅದನ್ನು ನೋಡಿ, "ಸತ್ತದ, ಬಿಡು," ಅಂದ. ಭಾಗ್ಯಾ ಕೂಸಿನ ತಲೆ ಸವರುತ್ತಿದ್ದಳು. ನಾನು ಶರಣುವಿಗೆ, "ನಿನ್ನ ಕೇಳಿದವರ್ಯಾರು? ಉಣ್ಣು," ಅಂದೆ.

ಊಟವಾದ ಮೇಲೆ ನಡುವಿನ ಮಣ್ಣಿಗೆ ಕೈ ಹಾಕಿದರು. ನಾನು ನೆಲಕ್ಕೆ ಕುಳಿತು ಸೊಪ್ಪು ಸೋಸುತ್ತಿದ್ದೆ. ಗುಂಡು ತಿರುಗಿತು. ಗಾಳಿಯಿಲ್ಲ, ಯಾರೂ ಮುಟ್ಟಿಲ್ಲ. ನಿದ್ದೆಯಲ್ಲಿ ಮಗ್ಗುಲಾಗುವ ಕೂಸಿನ ಹಾಗೆ ತುಸು ಈ ಕಡೆ ತಿರುಗಿ, ತುಸು ಆ ಕಡೆ ತಿರುಗಿತು. ನೆಲ ಬಿಟ್ಟಿತ್ತು.

"ಭಾಗ್ಯಾ," ಅಂದೆ.

"ನೋಡ್ಲಿಕತ್ತೀನಿ ಆಯಿ. ಮಾತಾಡಬ್ಯಾಡ."

ಗುಂಡಿನ ಕೆಳಗೆ ಮೊದಲು ಜೋಳದ ಕಾಳು ಹೋಯಿತು. ಬೆಳಕು ಕಡಿಮೆಯಾಗುವ ಹೊತ್ತಿಗೆ ಕಡೆಯ ಬುಟ್ಟಿ ಇಳಿಯಿತು. ಭಾಗ್ಯಾ ನನ್ನ ಕೈ ಹಿಡಿದು, "ನಿನ್ನ ಬೆರಳೇ ಹಾಕು," ಅಂದಳು. ನನ್ನ ಕಿರುಬೆರಳು ಸಂಧಿವಾತದಿಂದ ಸೊಟ್ಟಗಾಗಿದೆ, ಸೊಟ್ಟ ಬೆರಳೇ ಗುಂಡಿನ ಕೆಳಗೆ ಹೋಯಿತು. ಆಮೇಲೆ ದಾರ ನೋಡಿದೆವು. ಕಬ್ಬಿಣ ಪೂರಾ ನೆಟ್ಟಗಾಗಿರಲಿಲ್ಲ, ಒಂದು ಕಾಳಿನಷ್ಟು ಹೊಟ್ಟೆ ಉಳಿದಿತ್ತು. ಅದು ಕಲ್ಲಿನ ಪಾಲಿನದು, ಲೆಕ್ಕದಲ್ಲಿ ಇದ್ದದ್ದೇ. ಭಾಗ್ಯಾ ಕೂಸನ್ನು ನನ್ನ ತೊಡೆಗೆ ಹಾಕಿ, ಹೊರಸಿನ ಮೇಲೆ ಅಡ್ಡಾದಳು. ಮರುದಿನ ಬಿಸಿಲೇರುವ ತನಕ ಏಳಲಿಲ್ಲ. ಹಾಲಿಗೆ ಎಬ್ಬಿಸಿದಾಗಲೂ ಅರ್ಧ ಕಣ್ಣು ಮುಚ್ಚಿಯೇ ಕುಡಿಸಿದಳು.

ಬೀಗರು ಬಂದರು, ಕೂಸನ್ನು ಗರ್ಡರಿನ ತೊಟ್ಟಿಲಿಗೇ ಹಾಕಿದರು. ಬೀಗತಿ ಅಂಗಳದ ಗುಡ್ಡೆ ನೋಡಿ, "ಇಷ್ಟು ಮಣ್ಣು ಯಾಕ್ರಿ, ಮನಿ ಕಟ್ಟಲಿಕತ್ತೀರೇನು?" ಅಂದರು. "ಇಲ್ರಿ, ಇಳಿಸಲಿಕತ್ತೀವಿ," ಅಂದೆ.

ಈಗ ಈ ಹನಿ. ಕಲ್ಲಿಗೆ ಸಂದಿ ಇರುತ್ತವೆ ಅಂದಿದ್ದಳಲ್ಲ ಅತ್ತೆ. ಮಣ್ಣಿನ ಕೆಳಗೆ ಗಾರೆ ಎಂದೋ ಉದುರಿ ಹೋಗಿರಬೇಕು, ಯಾರು ನೋಡಿದ್ದರು? ಮಳೆ ನಿಂತ ಮೇಲೆ ಸಂದಿಗೆ ಸಿಮೆಂಟು ತುಂಬಿಸುವುದಾಗಿ ಶರಣು ಹೇಳಿ ಕೆಲಸಕ್ಕೆ ಹೋಗಿದ್ದಾನೆ. ಅಲ್ಲಿಯ ತನಕ ಹಂಚಿನ ಮೇಲೆ ಹನಿ ಬೀಳಿಸಿಕೊಂಡು ಕೂಡುವವಳು ನಾನಲ್ಲ. ಒಲೆ ಆರಿಸಿ, ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಗುಡ್ಡೆಯಲ್ಲಿ ಬಿಳಿಯ ಮಣ್ಣು ಹುಡುಕಿ ಒಂದು ಬೋಗುಣಿ ತುಂಬಿದೆ. ಬಾಗಿಲು ದಾಟುವಾಗ ನಿಂತೆ. ತೊಟ್ಟಿಲು ತೂಗುತ್ತಿದ್ದ ಭಾಗ್ಯಾಳಿಗೆ ಬೋಗುಣಿ ತೋರಿಸಿದೆ.

"ಇದಕ್ಕ ಎಷ್ಟು ಬಗ್ಗತದ ಹೇಳು."

ಅವಳು ಬೋಗುಣಿ ನೋಡಿದಳು, ಮೇಲೆ ನೋಡಿದಳು. ಮೊಬೈಲು ಮುಟ್ಟಲಿಲ್ಲ. "ಕೂದಲೆಳಿಯಷ್ಟೂ ಇಲ್ಲ ಆಯಿ."

"ಅಷ್ಟು ಬಗ್ಗಲಿ," ಅಂದು ಮೆಟ್ಟಿಲು ಹತ್ತಿದೆ.

ಸಂದಿ ಹುಡುಕಿ, ಮಣ್ಣು ಮೆತ್ತಿ, ಹಿಮ್ಮಡಿಯಿಂದ ತುಳಿದು, ಉಸಿರು ತಿರುಗಿಸಿಕೊಳ್ಳಲು ಸುತ್ತಿನ ಗೋಡೆ ಹಿಡಿದೆ. ಮಣ್ಣೆಲ್ಲ ಇಳಿದಿದೆ, ನೆಲ ತನ್ನ ಜಾಗಕ್ಕೆ ಹೋಗಿದೆ, ಹಾಗಾದರೆ ಗೋಡೆ ಮೊದಲಿನಂತೆ ನನ್ನ ಸೊಂಟಕ್ಕೆ ಬರಬೇಕಿತ್ತು. ಎದೆಯ ಹತ್ತಿರ ಬಂತು. ಮಿಕ್ಕಿದ್ದು ನನ್ನ ಬಾಗು. ಕೆಳಗೆ ಹೋಗಿ ಭಾಗ್ಯಾಳಿಗೆ ಇದನ್ನು ಹೇಳಲಿಲ್ಲ. ಹೇಳಿದರೆ ದಾರ ಹಿಡಿದು ನನ್ನ ಹಿಂದೆ ನಿಲ್ಲುತ್ತಾಳೆ.